ಹಸಿ ಹಾಲು: ಇಲ್ಲಿ ಕ್ರಿಮಿಯ ಕೇಸು, ಊರಲ್ಲಿ ನೀರಿನ ಕೇಸು

ಇಲ್ಲಿ, ಅಮೆರಿಕದ ನ್ಯೂಜೆರ್ಸಿಯಲ್ಲಿ, ಹಸಿ ಹಾಲು ಮಾರುವಂತಿಲ್ಲ. ಡೆಲವೇರ್ ನದಿ ದಾಟಿ ಪೆನ್ಸಿಲ್ವೇನಿಯಾ ಕಡೆ ಹೋದರೆ ಕೃಷಿ ಇಲಾಖೆಯ ಪರ್ಮಿಟ್ ಪಡೆದ ರೈತರು ಅದೇ ಹಾಲನ್ನು ಬೋರ್ಡು ಹಾಕಿ ಮಾರುತ್ತಾರೆ. ಕೆನೆಗಟ್ಟುವ ಹಾಲು ಬೇಕು, ಮನೆಯಲ್ಲೇ ಬೆಣ್ಣೆ ತೆಗೆದು ತುಪ್ಪ ಕಾಯಿಸಬೇಕು ಅನ್ನುವ ನಮ್ಮವರು ಸೇತುವೆ ದಾಟಿ ಹೋಗಿ ತರುವುದುಂಟು. ತಂದವರಿಗೆ ತೊಂದರೆಯಿಲ್ಲ, ಸ್ವಂತಕ್ಕೆ ಕೊಂಡು ಗಡಿ ದಾಟಿಸಿದವರ ಮೇಲೆ ಕ್ರಮ ಕೈಗೊಳ್ಳುವ ಉದ್ದೇಶವಿಲ್ಲ ಎಂದು ಅಮೆರಿಕದ ಆಹಾರ-ಔಷಧ ಸಂಸ್ಥೆ ಎಫ್‌ಡಿಎ 2011ರಲ್ಲೇ ಹೇಳಿದೆ. ತೊಂದರೆಯೆಲ್ಲ ಮಾರಿದವನಿಗೆ. ಅದೇ ಕ್ಯಾನನ್ನು ರೈತನೇ ವ್ಯಾನಿಗೆ ಹಾಕಿಕೊಂಡು ನದಿಯ ಈಚೆ ತಂದುಕೊಟ್ಟರೆ 1987ರ ಫೆಡರಲ್ ನಿಯಮ ಮುರಿದ ಹಾಗೆ: ರಾಜ್ಯದ ಗಡಿ ದಾಟಿ ಮಾರಾಟವಾಗುವ ಕುಡಿಯುವ ಹಾಲು ಪಾಶ್ಚರೀಕರಣ (ಕ್ರಿಮಿ ಸಾಯುವಷ್ಟು ಬಿಸಿಮಾಡುವುದು) ಆಗಿರಲೇಬೇಕು. ಕೊಂಡವರು ಮನೆಯಲ್ಲಿ ಅದನ್ನು ಮೂರು ಸಲ ಉಕ್ಕಿಸುತ್ತಾರೆ ಅನ್ನುವುದು ಇಲ್ಲಿನ ಕಾನೂನಿಗೆ ಲೆಕ್ಕಕ್ಕಿಲ್ಲ.

ಅಮೆರಿಕ, ಭಾರತ ಎರಡೂ ಕಡೆಯ ಕಾನೂನು ಬೇರೆ ದಾರಿ ಹಿಡಿದದ್ದು ಇಲ್ಲೇ. 63 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ, ಇಲ್ಲವೇ 72 ಡಿಗ್ರಿಯಲ್ಲಿ 15 ಸೆಕೆಂಡ್. ಪಾಶ್ಚರೀಕರಣ ಅಂದರೆ ಇಷ್ಟೇ. ಈ ಕೆಲಸವನ್ನು ಅಡುಗೆಮನೆಯ ಹಾಲಿನ ಪಾತ್ರೆ ಹೇಗೂ ಮಾಡುತ್ತದೆ ಎಂದು ನಮ್ಮೂರಿನ ಕಾನೂನು ಬಾಯಿಬಿಟ್ಟು ಹೇಳದೆ ನಂಬಿ ಕೂತಿದೆ. ಅಮೆರಿಕದಲ್ಲಿ ಹಾಲು ಫ್ರಿಜ್‌ನಿಂದ ನೇರ ಲೋಟಕ್ಕೆ. ಹಾಗಾಗಿ ಇಲ್ಲಿ ರೈತ ಸಿಕ್ಕಿಬೀಳುವುದು ಕ್ರಿಮಿಗೆ. ಊರಲ್ಲಿ ನೀರಿಗೆ, ಅಂದರೆ ಫ್ಯಾಟ್ ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ) ಲೆಕ್ಕಕ್ಕೆ.

ಇಲ್ಲಿನ ಕಟ್ಟುನಿಟ್ಟು ಎಷ್ಟು ಅಂದರೆ, ಕ್ಯಾಲಿಫೋರ್ನಿಯಾದಲ್ಲಿ ಮಾರುವ ಹಸಿ ಹಾಲಿನ ಒಂದು ಮಿಲಿಲೀಟರಿನಲ್ಲಿ ಕೋಲಿಫಾರ್ಮ್ (ಗಲೀಜು ಸೇರಿದ್ದನ್ನು ತೋರಿಸುವ ಬ್ಯಾಕ್ಟೀರಿಯಾ) 10 ದಾಟುವಂತಿಲ್ಲ, ಒಟ್ಟು ಬ್ಯಾಕ್ಟೀರಿಯಾ 15,000 ದಾಟುವಂತಿಲ್ಲ. ಪಾಶ್ಚರೀಕರಣಕ್ಕೆ ಹೋಗುವ ಗ್ರೇಡ್ ಎ (ಕುಡಿಯುವ ದರ್ಜೆಯ) ಹಾಲಿಗೆ ಒಬ್ಬ ರೈತನ ಮಿತಿ 1,00,000. ನ್ಯೂಯಾರ್ಕ್‌ನಲ್ಲಿ ಪರ್ಮಿಟ್ ಇದ್ದವರೂ ಕೊಟ್ಟಿಗೆಯಲ್ಲೇ ಮಾರಬೇಕು, ಹಸಿ ಹಾಲಿಗೆ ಪಾಶ್ಚರೀಕರಣದ ರಕ್ಷಣೆ ಇಲ್ಲವೆಂಬ ಬೋರ್ಡು ತೂಗಬೇಕು. ಪೆನ್ಸಿಲ್ವೇನಿಯಾದ ಪರ್ಮಿಟ್ ಹಾಲಿಗೆ ಮಾತ್ರ. ಅದರಾಚೆ 60 ದಿನ ಹಣ್ಣಾದ ಚೀಸ್ ಒಂದನ್ನು ಮಾರಬಹುದು. ಅದೇ ಹಾಲಿನ ಹಸಿ ಬೆಣ್ಣೆ, ಕೆನೆ, ಮೊಸರು ಮಾರಿದರೆ ತಪ್ಪು. ಪರ್ಮಿಟ್ ಕೈಲಿದೆ ಎಂದು ಬೆಣ್ಣೆಗೂ ಕೈಹಾಕುವುದು ಸಣ್ಣ ರೈತರು ಸುಲಭವಾಗಿ ಜಾರುವ ಜಾಗ.

ಮಾರಾಟಕ್ಕೆ ಅವಕಾಶವಿಲ್ಲದ ಕಡೆ ‘ಹರ್ಡ್‌ಶೇರ್’ ಎಂಬ ಉಪಾಯವಿದೆ. ಗಿರಾಕಿ ಹಸುವಿನಲ್ಲಿ ಪಾಲು ಕೊಳ್ಳುತ್ತಾನೆ, ಸಾಕಣೆಯ ಖರ್ಚು ಕೊಡುತ್ತಾನೆ, ತನ್ನದೇ ಹಸುವಿನ ಹಾಲನ್ನು ತಾನು ಕುಡಿಯುತ್ತಾನೆ. ಕೊಲರಾಡೊ 2005ರಲ್ಲಿ ಇದಕ್ಕೆ ಕಾನೂನಿನ ಒಪ್ಪಿಗೆ ಕೊಟ್ಟಿತು. ಇದು ಕೆಡುವುದು ಲೆಕ್ಕದ ಪುಸ್ತಕದಲ್ಲಿ: ತಿಂಗಳ ಸಾಕಣೆ ಖರ್ಚು ಎಂದು ಬರೆಯುವ ಬದಲು ಗ್ಯಾಲನ್‌ಗೆ ಇಷ್ಟು ಎಂದು ಬರೆದರೆ ಅದು ಪಾಲು ಅನಿಸುವುದಿಲ್ಲ, ಮಾರಾಟವೇ ಆಗುತ್ತದೆ. ಇನ್ನು ಕೆಲವು ರಾಜ್ಯಗಳಲ್ಲಿ ‘ಸಾಕುಪ್ರಾಣಿಗಳಿಗೆ’ ಎಂಬ ಚೀಟಿ ಅಂಟಿಸಿ ಮಾರುತ್ತಾರೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಅನ್ನೋಣವೆಂದರೆ, ಇಲ್ಲಿ ಬೆಕ್ಕಿನ ಹೆಸರಲ್ಲಿ ಮನುಷ್ಯರು ಕುಡಿಯುತ್ತಾರೆ.

2013ರಲ್ಲಿ ವಿಸ್ಕಾನ್ಸಿನ್‌ನ ಸಾಕ್ ಕೌಂಟಿಯಲ್ಲಿ ಒಬ್ಬ ರೈತನ ವಿಚಾರಣೆ ನಡೆಯಿತು. ಲೈಸೆನ್ಸ್ ಇಲ್ಲದೆ ಹಾಲಿನ ವ್ಯಾಪಾರ ಮಾಡಿದ ಮೂರು ಆರೋಪಗಳಿಂದ ಜ್ಯೂರಿ ಅವನನ್ನು ಬಿಟ್ಟಿತು. ನಾಲ್ಕನೆಯದರಲ್ಲಿ ಸಿಕ್ಕಿಕೊಂಡ: ಹಾಲನ್ನು ಅಲುಗಾಡಿಸಬೇಡ ಎಂದು ಇಲಾಖೆ ಹೊರಡಿಸಿದ್ದ ತಡೆಯಾಜ್ಞೆಯನ್ನು ಮುರಿದದ್ದಕ್ಕೆ. ಆಜ್ಞೆ ಸರಿಯಿಲ್ಲ ಅನಿಸಿದರೆ ಮೇಲ್ಮನವಿ ಹಾಕಬೇಕು; ಕೋಲ್ಡ್‌ರೂಮಿನ ಬಾಗಿಲಿಗೆ ಅಂಟಿಸಿದ ಸೀಲು ಕಿತ್ತರೆ ಗೆಲ್ಲುವ ಕೇಸೂ ಕೈತಪ್ಪುತ್ತದೆ.

ಇದಕ್ಕಿಂತ ದೊಡ್ಡ ಭಯ ದಂಡದ್ದಲ್ಲ, ಸಿವಿಲ್ ದಾವೆಯದ್ದು. ಇ. ಕೋಲೈ ಓ157 ಎಂಬ ಬ್ಯಾಕ್ಟೀರಿಯಾ ಐದು ವರ್ಷದೊಳಗಿನ ಮಗುವಿನ ಮೂತ್ರಪಿಂಡವನ್ನೇ ಹಾಳುಮಾಡಬಲ್ಲದು. ಪರ್ಮಿಟ್ ಇತ್ತು ಅನ್ನುವುದು ಪರಿಹಾರದ ದಾವೆಗೆ ಉತ್ತರವಲ್ಲ. ತಂದೆತಾಯಿ ಸಹಿ ಹಾಕಿದ ಒಪ್ಪಿಗೆಪತ್ರ ಮಗುವಿನ ಹಕ್ಕನ್ನು ಕಟ್ಟಿಹಾಕುವುದಿಲ್ಲ ಎಂದು ಹಲವು ರಾಜ್ಯಗಳ ನ್ಯಾಯಾಲಯಗಳು ಹೇಳುತ್ತವೆ. ಸಾಮಾನ್ಯ ಫಾರ್ಮ್ ವಿಮೆಗಳಲ್ಲಿ ಹಸಿ ಹಾಲನ್ನು ಹೊರಗಿಡುವ ಷರತ್ತು ಸಣ್ಣ ಅಕ್ಷರದಲ್ಲಿ ಇರುವುದೇ ಹೆಚ್ಚು. ಕಂಪನಿ ಹೆಸರಲ್ಲಿ ವ್ಯವಹಾರ ಇಟ್ಟರೂ, ಕರೆದ ಕೈ ರೈತನದೇ ಆದಾಗ ವೈಯಕ್ತಿಕ ನಿರ್ಲಕ್ಷ್ಯದ ಆರೋಪ ನೇರ ಅವನ ಮೇಲೆಯೇ ಬರುತ್ತದೆ.

‘ನಮ್ಮ ಹಸು ಆರೋಗ್ಯವಾಗಿದೆ’ ಎಂಬ ಸಮಜಾಯಿಷಿ ಇಲ್ಲಿ ನಿಲ್ಲದಿರುವುದಕ್ಕೆ ಕಾರಣವಿದೆ. ಇ. ಕೋಲೈ, ಕ್ಯಾಂಪಿಲೋಬ್ಯಾಕ್ಟರ್ ಸಾಮಾನ್ಯವಾಗಿ ಕೆಚ್ಚಲಿನೊಳಗಿಂದ ಬರುವುದಿಲ್ಲ, ಸಗಣಿಯಿಂದ ಬರುತ್ತವೆ. ಮೊಲೆತೊಟ್ಟು ಒದ್ದೆ ಇರುವಾಗಲೇ ಮೆಷಿನ್ ಹಚ್ಚಿದರೆ, ಹಸು ಒದ್ದು ಮೆಷಿನ್ ಕೆಳಗೆ ಬಿದ್ದು ನೆಲದ ಗಲೀಜನ್ನು ಎಳೆದುಕೊಂಡರೆ, ಸವೆದ ರಬ್ಬರ್ ಲೈನರಿನ ಬಿರುಕಿನಲ್ಲಿ ಹಳೆಯ ಹಾಲು ಗಟ್ಟಿಕಟ್ಟಿದ್ದರೆ, ಆ ದಿನದ ಹಾಲೆಲ್ಲ ಕೆಟ್ಟಂತೆ. ಸಗಣಿಯಲ್ಲಿ ಈ ಕ್ರಿಮಿಗಳು ಇವತ್ತು ಕಾಣಿಸಿ ನಾಳೆ ಕಾಣೆಯಾಗುತ್ತವೆ, ಆದ್ದರಿಂದ ತಿಂಗಳಿಗೊಮ್ಮೆಯ ಪರೀಕ್ಷೆ ಇವತ್ತಿನ ಬಾಟಲಿಗೆ ಜಾಮೀನಲ್ಲ. ಲಿಸ್ಟೀರಿಯಾ ಅಂತೂ 4 ಡಿಗ್ರಿಯ ಫ್ರಿಜ್‌ನಲ್ಲೂ ನಿಧಾನಕ್ಕೆ ಬೆಳೆಯುತ್ತದೆ. 2024ರ ಮಾರ್ಚ್‌ನಿಂದ ಹಕ್ಕಿಜ್ವರವೂ ಹಸುಗಳಿಗೆ ಹತ್ತಿತು; ಅದೇ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಅಂಗಡಿಯ ಹಸಿ ಹಾಲಲ್ಲಿ ವೈರಸ್ ಸಿಕ್ಕಿ ಮಾಲು ವಾಪಸ್ ಕರೆಸಿಕೊಳ್ಳಬೇಕಾಯಿತು.

ಈಗ ಊರಿನ ಮಾತು. ನಮ್ಮಲ್ಲಿ ಹಳ್ಳಿಯ ಹಾಲು ಉತ್ಪಾದಕರ ಸಂಘಕ್ಕೆ ಹಾಕುವ ರೈತ ಬೆಚ್ಚಗಿದ್ದಾನೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಕೆಳಗೆ ಅವನಿಗೆ ನೋಂದಣಿಯೂ ಬೇಡ. ಆದರೆ ಆ ವಿನಾಯಿತಿಯಲ್ಲಿ ಒಂದು ಪದವಿದೆ: ‘ಪೂರ್ತಿ’ ಹಾಲನ್ನು ಸಂಘಕ್ಕೆ ಕೊಡಬೇಕು. ಬೆಳಗಿನದು ಡೈರಿಗೆ, ಸಂಜೆಯದು ಗಾಜಿನ ಬಾಟಲಿಯಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಎಂದು ಶುರುಮಾಡಿದ ದಿನವೇ ಆ ನೆರಳು ಹೋಯಿತು. ನಾಲ್ಕು ಮನೆಗೆ ವರ್ತನೆ ಹಾಲು ಹಾಕುವುದನ್ನು ಯಾರೂ ಕೇಳದಿರಬಹುದು. ಚೀಟಿ, ಆ್ಯಪ್, ವ್ಯಾನು ಬಂದ ಮೇಲೆ ಕೇಳುತ್ತಾರೆ.

ಕೇಳಿದಾಗ ಸಿಕ್ಕಿಬೀಳುವುದು ಎಲ್ಲಿ? ಹಸುವಿನ ಹಾಲಿಗೆ ಕನಿಷ್ಠ ಶೇಕಡಾ 3.2 ಫ್ಯಾಟ್, ಶೇಕಡಾ 8.3 ಎಸ್‌ಎನ್‌ಎಫ್ ಇರಬೇಕು. ಬರೀ ಒಣಹುಲ್ಲು ತಿಂದ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಮಿಶ್ರತಳಿ ಹಸು, ಅಥವಾ ಕೆಚ್ಚಲು ಬಾವು ಒಳಗೊಳಗೇ ಶುರುವಾದ ಹಸು, ಒಂದು ಹನಿ ನೀರು ಬೆರೆಸದೆಯೂ 8.0 ಎಸ್‌ಎನ್‌ಎಫ್ ಕೊಡಬಲ್ಲದು. ಕಾನೂನಿಗೆ ಅದು ಕಳಪೆ. 2006ರ ಆ ಕಾಯ್ದೆಯ ಸೆಕ್ಷನ್ 51ರಲ್ಲಿ ದಂಡ 5 ಲಕ್ಷ ರೂಪಾಯಿವರೆಗೆ ಹೋಗಬಹುದು. ನೀರು ಬೆರೆಸಿದ್ದೋ ಹಸುವೇ ಹಾಗೆ ಕೊಟ್ಟದ್ದೋ ಎಂದು ಹೇಳುವುದು ಲ್ಯಾಕ್ಟೋಮೀಟರ್ ಅಲ್ಲ, ಹೆಪ್ಪುಗಟ್ಟುವ ಬಿಂದುವಿನ ಪರೀಕ್ಷೆ. ಅಮೆರಿಕದ ಲ್ಯಾಬುಗಳಲ್ಲಿ ಅದು ದಿನನಿತ್ಯದ ಕೆಲಸ.

ಊರಿನ ಆಹಾರ ಸುರಕ್ಷತಾ ಅಧಿಕಾರಿ ಮಾದರಿ ತೆಗೆದರೆ ಅದನ್ನು ನಾಲ್ಕು ಭಾಗ ಮಾಡುತ್ತಾರೆ. ಒಂದು ಆಹಾರ ವಿಶ್ಲೇಷಕರಿಗೆ, ಎರಡು ಅವರ ಮೇಲಿನ ಅಂಕಿತ ಅಧಿಕಾರಿಗೆ. ನಾಲ್ಕನೆಯದನ್ನು ಮಾನ್ಯತೆ ಪಡೆದ ಲ್ಯಾಬಿಗೆ ಕಳಿಸಿ ಎಂದು ಮಾರುವವನೇ ಕೇಳಬೇಕು, ಆಗಲೇ, ಬರಹದಲ್ಲಿ. ಕೇಳದಿದ್ದರೆ ಆ ಅವಕಾಶ ಅಲ್ಲಿಗೇ ಮುಗಿಯಿತು. ವಿಶ್ಲೇಷಕರ ವರದಿ ಒಪ್ಪಿಗೆಯಾಗದಿದ್ದರೆ ಕೈಸೇರಿದ 30 ದಿನದೊಳಗೆ ಮೇಲ್ಮನವಿ ಹಾಕಬೇಕು.

ನನಗೆ ಕಳವಳ ತರುವುದು, ಊರಿನ ‘ಫಾರ್ಮ್ ಹಾಲು’ ಮಾರುವವರು ಅಮೆರಿಕದ ಮಾತನ್ನು ಮಾತ್ರ ಆಮದು ಮಾಡಿಕೊಂಡಿರುವುದು. ಕಾಯಿಸದೆ ಕುಡಿದರೆ ಒಳ್ಳೆಯದು, ಕಾಯಿಸಿದರೆ ಸತ್ವ ಹೋಗುತ್ತದೆ ಎಂಬ ಮಾತು. ಆ ಮಾತಿನ ಹಿಂದೆ ಇರಬೇಕಾದ ತಣ್ಣನೆಯ ಸರಪಳಿ ಎಲ್ಲಿದೆ? ಅಮೆರಿಕದಲ್ಲಿ ಗ್ರೇಡ್ ಎ ಹಾಲು ಕರೆದು ಮುಗಿದ 2 ಗಂಟೆಯೊಳಗೆ 7 ಡಿಗ್ರಿಗೆ ಇಳಿಯಬೇಕು. ಕರ್ನಾಟಕದಲ್ಲಿ ಇದರ ಜತೆಗೆ ಕಂದು ರೋಗದ (ಬ್ರುಸೆಲ್ಲೋಸಿಸ್) ಲೆಕ್ಕವೂ ಇದೆ. 4ರಿಂದ 8 ತಿಂಗಳ ಹೆಣ್ಣುಗರುವಿಗೆ ಲಸಿಕೆ ಆಗದ ಕೊಟ್ಟಿಗೆಯ ಹಸಿ ಹಾಲು ಜ್ವರ, ಕೀಲುನೋವನ್ನು ಮನೆಗೆ ತರಬಹುದು. ಕುಡಿದು ಯಾರಿಗಾದರೂ ತೀವ್ರ ಹಾನಿಯಾದರೆ ಅದೇ 2006ರ ಕಾಯ್ದೆಯ ಸೆಕ್ಷನ್ 59ರಲ್ಲಿ ಜೈಲು 6 ವರ್ಷದವರೆಗೆ. ‘ಕಾಯಿಸಿ ಕುಡಿಯಿರಿ’ ಎಂಬ ಎರಡು ಪದವನ್ನು ಮುಚ್ಚಳದ ಮೇಲೆ ಅಚ್ಚುಹಾಕಿದವನ ಪರವಾಗಿ ವಾದಿಸಬಹುದು. ಕಾಯಿಸಬೇಡಿ ಎಂದವನ ಪರವಾಗಿ ಏನು ವಾದಿಸುವುದು?

ಅಮೆರಿಕದಿಂದ ತರುವುದಾದರೆ 2023ರ ಅಯೋವಾ ಕಾನೂನಿನಂಥದ್ದನ್ನು ತರಲಿ. ಹಾಲು ಕೊಡುವ ಹಸು ಹತ್ತಕ್ಕಿಂತ ಹೆಚ್ಚು ಇರಬಾರದು, ತಿಂಗಳಿಗೊಮ್ಮೆ ಪರೀಕ್ಷೆ, ಮಾರಾಟ ನೇರ ಗಿರಾಕಿಗೆ, ಅಂಗಡಿಗೆ ಅಲ್ಲ. ನಮ್ಮ ಕಡೆಗೆ ಇದರ ಜತೆ ಪ್ರತಿದಿನದ ಹಾಲಿಗೆ ಒಂದು ನಂಬರು, ಹೋದ ಮನೆಗಳ ಪಟ್ಟಿ, 100 ಮಿಲಿಲೀಟರ್ ಮಾದರಿಯನ್ನು ಫ್ರೀಜರಿನಲ್ಲಿ ಒಂದು ತಿಂಗಳು ಇಡುವ ರೂಢಿ ಸೇರಿದರೆ ಸಾಕಷ್ಟಾಯಿತು. ಜತೆಗೆ, ಸಂಘಕ್ಕೂ ಹಾಕಿ ಹತ್ತು ಮನೆಗೂ ಕೊಡುವ ಹೆಂಗಸು ತಪ್ಪಿತಸ್ಥೆ ಆಗದಂತೆ, ಆ ‘ಪೂರ್ತಿ’ ಎಂಬ ಪದವನ್ನು ಒಮ್ಮೆ ಸಡಿಲಿಸಲಿ.