ಮಕ್ಕಳ ಟೂರಿಗೆ ಒಂದು ಜಾಗ ಸಾಕು

ಟೂರಿನ ಸೀಸನ್ ಬಂತು. ಮೊನ್ನೆ ನಮ್ಮ ಶಾಲೆಯ ಪಿಟಿಎ (ಪೋಷಕರ-ಶಿಕ್ಷಕರ ಸಂಘ) ಮೀಟಿಂಗ್‌ನಲ್ಲಿ ಒಬ್ಬರು ತಂದೆ ಕೇಳಿದರು, "ಟೀಚರೇ, ಊಟಿ, ಮೈಸೂರು ಎರಡೂ ಆಗಲಿ. ರಾತ್ರಿ ಹೊರಟರೆ ಒಂದು ದಿನ ಉಳಿಯುತ್ತದಲ್ವಾ?" ನಾನು ಆಗುವುದಿಲ್ಲ ಅಂದೆ. ಅವರಿಗೆ ಬೇಸರವಾಯಿತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

2022ರ ಅಕ್ಟೋಬರ್ 5ರ ರಾತ್ರಿ ಊಟಿಗೆ ಹೊರಟಿದ್ದ ಶಾಲಾ ಮಕ್ಕಳ ಬಸ್ಸು ಪಾಲಕ್ಕಾಡಿನ ವಡಕ್ಕಂಚೇರಿಯಲ್ಲಿ ಮುಂದಿದ್ದ ಕೇರಳ ಸರಕಾರಿ (ಕೆಎಸ್‌ಆರ್‌ಟಿಸಿ) ಬಸ್ಸಿಗೆ ಗುದ್ದಿತು. ತೀರಿಹೋದವರು 9 ಜನ. ಅದರಲ್ಲಿ 5 ಮಕ್ಕಳು, ಒಬ್ಬರು ಅಧ್ಯಾಪಕರು. ಆ ಸುದ್ದಿ ಕೇಳಿದ ಮೇಲೆ ರಾತ್ರಿ ಪ್ರಯಾಣದ ಮಾತೆತ್ತಿದರೆ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ನಮ್ಮ ಕಡೆಯಿಂದ ಎಷ್ಟೋ ಶಾಲೆಯವರು ಹೋಗುವ ಮುರುಡೇಶ್ವರದಲ್ಲಿ 2024ರ ಡಿಸೆಂಬರ್‌ನಲ್ಲಿ ಟೂರಿಗೆ ಬಂದ 4 ಹುಡುಗಿಯರನ್ನು ಕಡಲು ಎಳೆದುಕೊಂಡು ಹೋಯಿತು. ಬೀಚಿಗೆ ಹೋದರೆ ನೀರಿಗಿಳಿಯಲು ಬಿಡಬೇಡಿ. ಪಾದ ಒದ್ದೆ ಮಾಡಲಿಕ್ಕೂ ಬೇಡ. ಐವತ್ತು ಮಕ್ಕಳನ್ನು ಮೂವರು ಟೀಚರ್‌ಗಳು ಅಲೆಯಲ್ಲಿ ಕಾಯಲು ಸಾಧ್ಯವೇ ಇಲ್ಲ.

ಇದು ಅಪಾಯದ ಮಾತಾಯಿತು. ಮಕ್ಕಳಿಗೆ ದಿನವಿಡೀ ಆಗುವ ಕಷ್ಟವನ್ನು ನಾವು ಗಮನಿಸುವುದೇ ಇಲ್ಲ. ಕೆಲವು ವರ್ಷದ ಹಿಂದೆ ಒಂದೇ ದಿನದಲ್ಲಿ ಆರು ಜಾಗ ಸುತ್ತಿಸಿದ್ದೆ. ಪಟ್ಟಿ ಮಾಡಿದವಳು ನಾನೇ. ಸಂಜೆ ಬಸ್ಸಿನಿಂದ ಇಳಿಸುವಾಗ ಆರನೇ ಕ್ಲಾಸಿನ ಒಬ್ಬಳ ಬ್ಯಾಗ್ ಎತ್ತಿಕೊಟ್ಟೆ. ಭಾರವಿತ್ತು. ನೋಡಿದರೆ ಬೆಳಿಗ್ಗೆ ಅಮ್ಮ ತುಂಬಿಸಿಕೊಟ್ಟ ನೀರಿನ ಬಾಟಲಿ ಹಾಗೇ ಇತ್ತು, ಒಂದು ಗುಟುಕೂ ಕುಡಿದಿರಲಿಲ್ಲ. ಯಾಕೆ ಮಗಾ ಅಂದೆ. "ಮೂತ್ರ ಬಂದರೆ ಎಲ್ಲಿಗೆ ಹೋಗುವುದು ಟೀಚರ್?" ಅಂದಳು. ತುಟಿ ಒಣಗಿ ಬಿಳಿಯಾಗಿತ್ತು.

ಆವತ್ತಿನಿಂದ ಮಕ್ಕಳಿಗಿಂತ ಮೊದಲು ನಾನು ಹೋಗಿ ಟಾಯ್ಲೆಟ್ ನೋಡಿ ಬರುತ್ತೇನೆ. ನೀರು ಬರುತ್ತದಾ, ಬಾಗಿಲಿಗೆ ಚಿಲಕ ಇದೆಯಾ, ಎರಡೂ ನೋಡಬೇಕು.

ದೂರ ಹೋದರೆ ಮಾತ್ರ ಟೂರಾ? ನಮ್ಮ ಕಾಸರಗೋಡಿನ ಬೇಕಲ ಕೋಟೆಯೇ ಸುಮಾರು 40 ಎಕರೆ ಇದೆ. ಮಕ್ಕಳು ಓಡಾಡಲು ಒಂದು ಬೆಳಿಗ್ಗೆ ಪೂರ್ತಿ ಬೇಕು. ಆದರೆ ನೆರಳು ಕಡಿಮೆ. ಬಿಸಿಲೇರಿದ ಮೇಲೆ ಮುರಕಲ್ಲು ಕೂಡ ಕಾಯುತ್ತದೆ. ಬೇಗ ಹೋಗಿ ಹತ್ತೂವರೆಯೊಳಗೆ ಮುಗಿಸಬೇಕು. ಪೊಸಡಿಗುಂಪೆ ಗುಡ್ಡವೂ ಚಂದವೇ. ಆದರೆ ಅಕ್ಟೋಬರ್, ನವೆಂಬರ್‌ನಲ್ಲಿ ಮಧ್ಯಾಹ್ನದ ಮೇಲೆ ಸಿಡಿಲು ಬರುತ್ತದೆ. ಬಯಲು ಗುಡ್ಡದಲ್ಲಿ ಮಕ್ಕಳನ್ನಿಟ್ಟುಕೊಂಡು ಎಲ್ಲಿಗೆ ಓಡುವುದು?

ಬಸ್ಸಿನಲ್ಲಿ ವಾಂತಿ ಮಾಡುವ ಮಕ್ಕಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ. ಹೊರಡುವ ಮುಂಚೆ ಎಣ್ಣೆ ತಿಂಡಿ ಬೇಡ. ಇನ್ನೊಂದು ನಮ್ಮ ಗಡಿನಾಡಿನ ಮಾತು. ನಮ್ಮ ಕನ್ನಡ ಮೀಡಿಯಂ ಮಕ್ಕಳಲ್ಲಿ ಹಲವರಿಗೆ ಮಲಯಾಳ ಸರಿಯಾಗಿ ಬರುವುದಿಲ್ಲ. ಜನಜಂಗುಳಿಯಲ್ಲಿ ಒಂದು ಮಗು ತಪ್ಪಿಸಿಕೊಂಡರೆ ಪೊಲೀಸರ ಹತ್ತಿರ ಏನು ಹೇಳಬೇಕು? ಅದಕ್ಕೆ ಪ್ರತಿ ಮಗುವಿನ ಜೇಬಿನಲ್ಲೂ ಒಂದು ಚೀಟಿ ಇಡುತ್ತೇನೆ. ಹೆಸರು, ಶಾಲೆ, ಟೀಚರ ಫೋನ್ ನಂಬರ್, ಕನ್ನಡದಲ್ಲೂ ಮಲಯಾಳದಲ್ಲೂ.

ಈ ವರ್ಷ ಬೇಕಲ ಮಾತ್ರ. ಬರುವ ಶನಿವಾರ ಮುಂಚಿತವಾಗಿ ನೋಡಿ ಬರಲು ಹೋಗುತ್ತಿದ್ದೇನೆ. ಅಮ್ಮಂದಿರು ಯಾರಾದರೂ ಬರುವುದಾದರೆ ಹೇಳಿ, ಜೊತೆಯಲ್ಲೇ ಹೋಗೋಣ.