ಉಂಬಳ ಮತ್ತು ಮನಶ್ಶಾಂತಿ

ತೋಳಿಗೆ ಸುತ್ತಿದ್ದ ಬಿಪಿ ಪಟ್ಟಿ ಬಿಚ್ಚುತ್ತಾ ಡಾಕ್ಟರು ಹೇಳಿದರು: "ಮಾತ್ರೆ ಈಗಲೇ ಬೇಡ. ದಿನಾ ಬೆಳಿಗ್ಗೆ ಸ್ವಲ್ಪ ಹೊತ್ತು ನೇಚರ್ ಜೊತೆ ಕನೆಕ್ಟ್ ಆಗಿ ಸಾರ್." ಹೇಳುವಾಗ ಅವರ ಕಣ್ಣು ಕಂಪ್ಯೂಟರ್ ಮೇಲಿತ್ತು. ಬೆನ್ನ ಹಿಂದಿನ ಗೋಡೆಯಲ್ಲಿ ಜಲಪಾತದ ಕ್ಯಾಲೆಂಡರ್, ಅದೂ ಹೋದ ವರ್ಷದ್ದು. ಐನೂರು ರೂಪಾಯಿ ಕೊಟ್ಟು ಹೊರಗೆ ಬಂದೆ.

ನನಗೆ ರೇಗಿದ್ದು ಐನೂರು ರೂಪಾಯಿಗಲ್ಲ. ಸರಿ, ಸ್ವಲ್ಪ ಅದಕ್ಕೂ ಹೌದು. ಆದರೆ ನಾನು ತೀರ್ಥಹಳ್ಳಿ ಕಡೆಯವನು. ನಮ್ಮ ಕಡೆ ಯಾರೂ ಪ್ರಕೃತಿ ಜೊತೆ ಕನೆಕ್ಟ್ ಆಗಲು ಹೋಗುತ್ತಿರಲಿಲ್ಲ. ಅದೇ ಬರುತ್ತಿತ್ತು. ಬಚ್ಚಲಿಗೆ ಹಾವಾಗಿ, ಅಟ್ಟಕ್ಕೆ ಇಲಿಯಾಗಿ, ಮಳೆಗಾಲದಲ್ಲಿ ಮಡಿಸಿಟ್ಟ ಪ್ಯಾಂಟಿನ ಮೇಲೆ ಬೂಷ್ಟಾಗಿ. ಅದನ್ನು ಹೊರಗೆ ಹಾಕುವುದರಲ್ಲೇ ನಮ್ಮ ಅಜ್ಜನ ಆಯಸ್ಸು ಕಳೆಯಿತು.

ಮನೆಗೆ ಬಂದರೆ ಮಗಳು ಡಾಕ್ಟರ ಪಕ್ಷ. 1984ರಲ್ಲಿ ರೋಜರ್ ಉಲ್ರಿಚ್ ಅನ್ನುವವರು ಅಮೆರಿಕದ ಒಂದು ಆಸ್ಪತ್ರೆಯ ಹಳೆ ದಾಖಲೆಗಳನ್ನು ತೆಗೆದು ನೋಡಿದರಂತೆ. ಪಿತ್ತಕೋಶದ ಆಪರೇಷನ್ ಆದವರಲ್ಲಿ ಕಿಟಕಿಯಿಂದ ಮರ ಕಾಣುತ್ತಿದ್ದವರು ಬೇಗ ಮನೆಗೆ ಹೋದರಂತೆ, ಇಟ್ಟಿಗೆ ಗೋಡೆ ಕಾಣುತ್ತಿದ್ದವರು ತಡವಾಗಿ. ನಮ್ಮ ಕಿಟಕಿಯಲ್ಲಿ ಪಕ್ಕದ ಮನೆಯ ಕಪ್ಪು ನೀರಿನ ಟ್ಯಾಂಕು ಕಾಣುತ್ತದೆ. ಕತ್ತು ಪೂರ್ತಿ ಬಗ್ಗಿಸಿದರೆ ಅರ್ಧ ತೆಂಗಿನಮರ. ಕತ್ತು ನೋವು ಬೇರೆ ಸೇರಿಸಿದರೆ ಲೆಕ್ಕ ಎಲ್ಲಿಗೆ ಬರುತ್ತದೋ ಗೊತ್ತಿಲ್ಲ.

ಅಂತೂ ಭಾನುವಾರ ಆರು ಗಂಟೆಗೆ ಲಾಲ್‌ಬಾಗಿಗೆ ಹೋದೆ. ಕೆಂಪೇಗೌಡರ ಗೋಪುರ ಇರುವ ಬಂಡೆ ಹತ್ತಿದೆ. ಆ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಮೋಡ ಮುಸುಕಿತ್ತು, ತಣ್ಣಗೆ ಗಾಳಿ. ಚಪ್ಪಲಿ ಬಿಟ್ಟು ಕೂತೆ. ಎರಡು ನಿಮಿಷದಲ್ಲಿ ನನಗೆ ನಿಜವಾಗಿಯೂ ಏನೋ ಒಂದು ಹೊಳೆಯಿತು. ಸಣ್ಣದಲ್ಲ, ಒಳ್ಳೆಯದೇ. ಅದನ್ನು ಹೇಳೋಣ ಅಂತಲೇ ಬರೆಯಲು ಕೂತಿದ್ದು. ಆದರೆ ಅದಕ್ಕೆ ಮೊದಲು ನಮ್ಮ ಭಾವನ ಕತೆ ಹೇಳದಿದ್ದರೆ ಅದು ಅರ್ಥ ಆಗುವುದಿಲ್ಲ.

ಭಾವ ಅಂದರೆ ನಮ್ಮ ಚಿಕ್ಕಮ್ಮನ ಅಳಿಯ. ಬಯಲುಸೀಮೆಯವರು, ಸಾಫ್ಟ್‌ವೇರು. ಒಳ್ಳೆಯ ಮನುಷ್ಯ. ಒಂದು ವರ್ಷ ಅವರಿಗೆ ಧ್ಯಾನದ ಹುಚ್ಚು ಹಿಡಿಯಿತು. ಜುಲೈ ತಿಂಗಳಲ್ಲಿ ಚಿಕ್ಕಮ್ಮನ ಮನೆಗೆ ಬಂದವರು, ಬೆಳಿಗ್ಗೆ ಅಡಿಕೆ ತೋಟದಲ್ಲಿ ಕೂತು ಅರ್ಧ ಗಂಟೆ ಮೌನ ಮಾಡುತ್ತೇನೆ ಅಂದರು. ಜಪಾನಿನಲ್ಲಿ ಇದಕ್ಕೆ ಶಿನ್ರಿನ್ ಯೋಕು ಅನ್ನುತ್ತಾರೆ, ಅಂದರೆ ಕಾಡಿನ ಸ್ನಾನ, 1982ರಲ್ಲಿ ಅಲ್ಲಿನ ಅರಣ್ಯ ಇಲಾಖೆಯೇ ಶುರು ಮಾಡಿದ್ದು ಅಂತ ವಿವರಿಸಿದರು. ಚಿಕ್ಕಮ್ಮ ದೋಸೆ ಹುಯ್ಯುವುದನ್ನು ನಿಲ್ಲಿಸಿ ಕೇಳಿದಳು: "ಪಾಪ, ಅವರಿಗೆ ಬಚ್ಚಲುಮನೆ ಇಲ್ವಂತಾ?"

ಮಲೆನಾಡಿನ ಜುಲೈ ಗೊತ್ತಿದ್ದವರಿಗೆ ಮುಂದಿನದು ಹೇಳಬೇಕಿಲ್ಲ. ಗೊತ್ತಿಲ್ಲದವರಿಗೆ: ಉಂಬಳ. ಬಯಲುಸೀಮೆಯವರು ಜಿಗಣೆ ಅನ್ನುತ್ತಾರೆ, ತಪ್ಪು. ಜಿಗಣೆ ನೀರಿನದು, ಉಂಬಳ ನೆಲದ್ದು. ಉದುರಿದ ಎಲೆಯ ದರಗಿನ ಮೇಲೆ ನೂಲಿನ ತುಂಡಿನ ಹಾಗೆ ಎದ್ದು ನಿಂತು, ಬಿಸಿಯುಸಿರು ಯಾವ ಕಡೆಯಿಂದ ಬರುತ್ತಿದೆ ಅಂತ ತಲೆ ಆಡಿಸಿ ನೋಡುತ್ತದೆ. ನಡೆಯುತ್ತಿದ್ದವನಿಗೇ ಬಿಡುವುದಿಲ್ಲ. ಕೂತವನು ಸಿಕ್ಕಿದರೆ ಕೇಳಬೇಕೇ?

ಚಿಕ್ಕಮ್ಮ ಕೋಲಿನ ತುದಿಗೆ ಬಟ್ಟೆಯ ಗಂಟು ಕಟ್ಟಿ ಕೊಡಲು ಹೋದಳು. ಒಳಗೆ ಹೊಗೆಸೊಪ್ಪು, ಸುಣ್ಣ. ಒದ್ದೆ ಮಾಡಿ ಮುಟ್ಟಿಸಿದರೆ ಉಂಬಳ ಉದುರುತ್ತದೆ. ಭಾವ ಕೈಮುಗಿದು ಬೇಡ ಅಂದರು. "ಅದೂ ಒಂದು ಜೀವ ಅಲ್ವಾ ಅತ್ತೆ." ಚಿಕ್ಕಪ್ಪ ಕಂಬಳಿಕೊಪ್ಪೆ ಕೊಟ್ಟರು, ಅದೂ ಬೇಡ. ಮಳೆ ಮೈಗೆ ತಾಗಬೇಕಂತೆ. ಚಡ್ಡಿ ಹಾಕಿಕೊಂಡು, ಯೋಗದ ಚಾಪೆ ಸುತ್ತಿಕೊಂಡು ಹೋದರು. ನಾವೆಲ್ಲ ಜಗಲಿಯಲ್ಲಿ ಸಾಲಾಗಿ ಕೂತು ಕಾಯತೊಡಗಿದೆವು. ಚಿಕ್ಕಪ್ಪ ಗಡಿಯಾರ ನೋಡುತ್ತಿದ್ದರು.

ಹೇಳಿದ ಅರ್ಧ ಗಂಟೆಗೆ ಸರಿಯಾಗಿ ವಾಪಸು ಬಂದರು. ಮುಖದಲ್ಲಿ ಎಂಥ ಕಳೆ ಅಂತೀರಿ! "ಎಷ್ಟು ಶಾಂತಿ ಅತ್ತೆ. ಮೈಯೆಲ್ಲ ಹಗುರ ಆದ ಹಾಗಿದೆ."

"ಆಗದೆ ಏನು," ಅಂದಳು ಚಿಕ್ಕಮ್ಮ. "ರಕ್ತ ಅಷ್ಟು ಹೋಗಿದೆ."

ಆಗ ಅವರು ಕಾಲು ನೋಡಿಕೊಂಡರು. ಶಾಂತಿ ಅಲ್ಲಿಗೆ ಮುಗಿಯಿತು. ಚಿಕ್ಕಪ್ಪ ಎಣಿಸಿದರು, ಹದಿನೇಳು. ಕೆಲವು ಕುಡಿದು ಕುಡಿದು ದ್ರಾಕ್ಷಿ ಹಣ್ಣಿನಷ್ಟು ದಪ್ಪ ಆಗಿದ್ದವು. ಹದಿನೆಂಟನೆಯದು ಮಧ್ಯಾಹ್ನ ಊಟಕ್ಕೆ ಕೂತಾಗ ಎಲೆಯ ಪಕ್ಕ ಬಿತ್ತು. ಉಂಬಳ ಬಿಟ್ಟರೂ ರಕ್ತ ಬಿಡುವುದಿಲ್ಲ. ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವ ಏನೋ ಅದರ ಜೊಲ್ಲಿನಲ್ಲಿ ಇದೆ. ನಮ್ಮ ಕಡೆಯ ಉಪಾಯ ಅಂದರೆ ಪೇಪರಿನ ಚೂರು ಅಂಟಿಸುವುದು. ಹದಿನೇಳು ಚೂರು ಅಂಟಿಸಿದೆವು. ಸಂಜೆ ನೋಡಿದರೆ ಬಲಗಾಲಿನಲ್ಲಿ ಅಡಿಕೆ ಧಾರಣೆ, ಎಡಗಾಲಿನಲ್ಲಿ ಶ್ರದ್ಧಾಂಜಲಿ. ಭಾವ ಮಂಚದ ಮೇಲೆ ಮಲಗಿದ್ದರು, ಚಿಕ್ಕಪ್ಪ ಬಗ್ಗಿ ಕನ್ನಡಕ ಏರಿಸಿ ಚಾಲಿ ರೇಟು ಓದುತ್ತಿದ್ದರು.

ಭಾವ ಈಗಲೂ ಧ್ಯಾನ ಮಾಡುತ್ತಾರೆ. ನಾಲ್ಕನೇ ಮಹಡಿಯಲ್ಲಿ, ಬಾಗಿಲು ಹಾಕಿಕೊಂಡು. ಫೋನಿನಲ್ಲಿ ಮಳೆಯ ಸದ್ದು ಹಾಕಿಕೊಳ್ಳುತ್ತಾರೆ.

ಹಾಂ, ಲಾಲ್‌ಬಾಗ್. ಹೊಳೆದದ್ದನ್ನು ಹಿಡಿದುಕೊಳ್ಳೋಣ ಅಂತ ಕಣ್ಣು ಮುಚ್ಚಿದೆ. ಅಷ್ಟರಲ್ಲಿ ಒಬ್ಬರು ಶರ್ಟಿನ ಜೇಬಿನಲ್ಲಿ ಮೊಬೈಲ್ ಇಟ್ಟು ಭಜನೆ ಹಾಕಿಕೊಂಡು ಬಂದರು. ಬಂಡೆಗೆಲ್ಲ ಕೇಳಿಸುವಷ್ಟು ಜೋರು. ದೇವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ 300 ಕೋಟಿ ವರ್ಷ ಸುಮ್ನೆ ಕೂತಿರುವ ಕಲ್ಲಿನ ಮೇಲೆ ಐದು ನಿಮಿಷ ಸುಮ್ನೆ ಇರಲು ಆಗದವರ ಮೇಲೆ ಇದೆ. ಒಂದು ಇಯರ್‌ಫೋನಿಗೆ ಎಷ್ಟು ಆಗುತ್ತದೆ? ಕೇಳಿದರೆ "ಒಳ್ಳೆಯದೇ ಅಲ್ವಾ ಸಾರ್ ಕೇಳ್ತಿರೋದು" ಅನ್ನುತ್ತಾರೆ. ನನಗೂ ಸೇರಿಸಿ ಪುಣ್ಯ ಸಂಪಾದಿಸುತ್ತಿದ್ದಾರಂತೆ. ಅವರು ಹೋದರು, ಒಂದು ಜೋಡಿ ಬಂತು. "ಅಂಕಲ್, ಒಂದೇ ಒಂದು ಫೋಟೋ." ಹನ್ನೊಂದು ತೆಗೆದೆ. ಬಂಡೆ ಕಾಣಬೇಕು, ಗೋಪುರ ಕಾಣಬೇಕು, ಜನ ಕಾಣಬಾರದು. ಕೊನೆಗೆ ಹುಡುಗಿ ನೋಡಿ, "ಪರವಾಗಿಲ್ಲ ಬಿಡಿ ಅಂಕಲ್" ಅಂದಳು. ಹೊಳೆದದ್ದು ಆ ಹನ್ನೊಂದರಲ್ಲಿ ಎಲ್ಲೋ ಹೋಯಿತು. ಬಿಪಿ ನೋಡಿಸಿದ್ದರೆ ಡಾಕ್ಟರು ಮಾತ್ರೆ ಬರೆಯುತ್ತಿದ್ದರು.

ಮನೆಗೆ ಬಂದು ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ನೆಟ್‌ವರ್ಕ್ ಸಿಗುವುದು ಜಗಲಿಯ ಎರಡನೇ ಕಂಬದ ಹತ್ತಿರ ಮಾತ್ರ. ಹಾಗಾಗಿ ಮೊಬೈಲನ್ನು ಅದೇ ಕಂಬಕ್ಕೆ ಚೀಲದಲ್ಲಿ ನೇತುಹಾಕಿರುತ್ತಾರೆ. ಚಿಕ್ಕಮ್ಮ ಶುರು ಮಾಡಿದಳು. ಎಂಟು ದಿನದಿಂದ ಮಳೆ ಹೊಳವಾಗಿಲ್ಲ, ಔಷಧಿ ಹೊಡೆಯಲು ಆಳು ಸಿಗುತ್ತಿಲ್ಲ, ಕೊಳೆರೋಗ ಬಂದರೆ ಈ ವರ್ಷದ ಅಡಿಕೆ ಮುಗಿದ ಹಾಗೆ, ಹಂದಿ ಕೆಸವಿನ ಗೆಡ್ಡೆ ಕೂಡ ಬಿಟ್ಟಿಲ್ಲ. "ಇಲ್ಲಿ ಇರೋದೇ ಬ್ಯಾಡ ಅನ್ಸುತ್ತೆ ಮಾರಾಯ." ಇದನ್ನು ಅವಳು ನಲವತ್ತು ವರ್ಷದಿಂದ ಹೇಳುತ್ತಿದ್ದಾಳೆ. ಬೆಂಗಳೂರಿಗೆ ಕರೆದುಕೊಂಡು ಬಂದರೆ ಮೂರನೇ ದಿನ ಬಸ್ಸಿನ ಟೈಮು ಕೇಳುತ್ತಾಳೆ.

ಮಾತಿನ ಮಧ್ಯೆ ಒಮ್ಮೆಗೇ ಕೂಗಿದಳು: "ಹೇಯ್! ಹಾಳಾದ್ ಮಂಗ! ಗೊನೆ, ಗೊನೆ!" ಓಡಿದ ಸದ್ದು. ತಟ್ಟೆ ಬಡಿದ ಸದ್ದು, ನಾಯಿ ಬೊಗಳಿದ ಸದ್ದು. ಆಮೇಲೆ ಅದೂ ದೂರ ಹೋಯಿತು. ಫೋನು ಕಂಬದಲ್ಲೇ ನೇತಾಡುತ್ತಿತ್ತು. ಹಂಚಿನ ಮೇಲೆ ಮಳೆ. ಸೂರಿನ ನೀರು ಅಂಗಳದ ಕೊಡಪಾನಕ್ಕೆ ಬೀಳುವುದು ಬೇರೆಯಾಗಿಯೇ ಕೇಳುತ್ತಿತ್ತು. ತುಂಬಿದ ಮೇಲೆ ಆ ಸದ್ದು ಬದಲಾಯಿತು. ಹೆಂಡತಿ ತಿಂಡಿಗೆ ಕರೆದಳು. ಕೈ ಸನ್ನೆ ಮಾಡಿ ಇರು ಅಂದೆ.

"ಇನ್ನೂ ಇದ್ದೀಯೇನೋ?" ಅಂದಳು ಚಿಕ್ಕಮ್ಮ, ಏದುಸಿರು ಬಿಡುತ್ತಾ. "ಇಡಬಾರ್ದಾ? ದುಡ್ಡು ದಂಡ ಅಲ್ವಾ?"

"ಗೊನೆ ಏನಾಯ್ತು?"

"ಅರ್ಧ ತಗಂಡು ಹೋತು. ಇನ್ನರ್ಧ ಚಿಪ್ಸ್ ಮಾಡಿ ಬಸ್ಸಿಗೆ ಹಾಕ್ತೀನಿ, ಹೋಗಿ ತಗೋ."