ಚಂದಾ ಎತ್ತುವಾಗ ಊರ ಶಾಲೆ, ಮುಚ್ಚುವಾಗ ಇಲಾಖೆ ಶಾಲೆ

ನಮ್ಮ ಉತ್ತರ ಕನ್ನಡದಲ್ಲಿ ಸರ್ಕಾರಿ ಶಾಲೆಯ ಮಾಡು ಸೋರಿದರೆ ಊರವರು ಬೇಕು. ಬೇಸಿಗೆಯಲ್ಲಿ ಬಾವಿಯ ಹೂಳೆತ್ತಲು ಊರವರು ಬೇಕು. ಶತಮಾನೋತ್ಸವಕ್ಕೆ ಚಪ್ಪರ ಹಾಕಲು, ಬಂದವರ ಕೊರಳಿಗೆ ಹಾರ ತರಲು, ಯಕ್ಷಗಾನದ ಆಟ ಇಟ್ಟು ಟಿಕೆಟ್ ಮಾರಿ ಹಣ ಎತ್ತಲು ಊರವರೇ ಬೇಕು. ಆದರೆ ಆ ಶಾಲೆಗೆ ಎಷ್ಟು ಶಿಕ್ಷಕರು, ಯಾವ ಕೊಠಡಿಗೆ ಯಾವ ವರ್ಷ ದುರಸ್ತಿ, ಪಕ್ಕದ ಊರಿನ ಶಾಲೆಗೆ ಸೇರಿಸುವುದೋ ಬಿಡುವುದೋ ಎಂಬ ಮಾತು ಬಂದಾಗ ಊರವರನ್ನು ಕೇಳುವವರೇ ಇಲ್ಲ. ಎಲ್ಲ ತೀರ್ಮಾನ ಆದ ಮೇಲೆ ವಾಟ್ಸಾಪಿಗೆ ಒಂದು ಪಿಡಿಎಫ್ ಬಂದು ಬೀಳುತ್ತದೆ. ಅಷ್ಟೇ ನಮ್ಮ ಪಾಲು.

ಕಾನೂನು ಇಲ್ಲ ಅಂತಲ್ಲ. ಕರ್ನಾಟಕದಲ್ಲಿ ಎಸ್‌ಡಿಎಂಸಿ, ಅಂದರೆ ಪಾಲಕರೂ ಇರುವ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಬಂದದ್ದು 2001ರಲ್ಲಿ, ಶಿಕ್ಷಣ ಹಕ್ಕು ಕಾಯ್ದೆಗಿಂತ ಎಷ್ಟೋ ವರ್ಷ ಮೊದಲು. ದೇಶಕ್ಕೇ ಮಾದರಿ ಅಂತ ಆಗ ಬೆನ್ನು ತಟ್ಟಿಕೊಂಡದ್ದೂ ಆಯಿತು. ಆಮೇಲೆ 2009ರಲ್ಲಿ ಆ ಕಾಯ್ದೆ ಬಂತು. ಅದರ 21ನೇ ಕಲಮಿನ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಪಾಲು ಜನ ಪಾಲಕರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರು. 22ನೇ ಕಲಮು ಇನ್ನೂ ಮುಖ್ಯ: ಶಾಲಾ ಅಭಿವೃದ್ಧಿ ಯೋಜನೆಯನ್ನು ಈ ಸಮಿತಿಯೇ ತಯಾರಿಸಬೇಕು, ಸರ್ಕಾರ ಅನುದಾನ ಕೊಡುವಾಗ ಅದೇ ಆಧಾರವಾಗಬೇಕು. ಮತ್ತೊಮ್ಮೆ ಓದಿ. ಅನುದಾನಕ್ಕೆ ಆಧಾರ ಸಮಿತಿಯ ಯೋಜನೆ.

ಆ ಯೋಜನೆಯಲ್ಲಿ ಏನಿರಬೇಕು ಎಂದು ಈ ಕಾಯ್ದೆಯಡಿಯ 2010ರ ಕೇಂದ್ರ ನಿಯಮಗಳು ಬಿಡಿಸಿ ಹೇಳಿವೆ. ಮೂರು ವರ್ಷದ ಯೋಜನೆ, ಅದರೊಳಗೆ ವರ್ಷಕ್ಕೊಂದರಂತೆ ಮೂರು ಉಪಯೋಜನೆ. ತರಗತಿವಾರು ಎಷ್ಟು ಮಕ್ಕಳು ಬರಬಹುದು, ಹೆಚ್ಚುವರಿ ಶಿಕ್ಷಕರು ಎಷ್ಟು ಬೇಕು, ಕೊಠಡಿ, ಶೌಚಾಲಯ, ಕಾಂಪೌಂಡು ಏನೇನು ಬೇಕು, ಯಾವ ವರ್ಷಕ್ಕೆ ಎಷ್ಟು ಹಣ. ಆರ್ಥಿಕ ವರ್ಷ ಮುಗಿಯಲು ಮೂರು ತಿಂಗಳು ಇರುವಾಗ, ಅಂದರೆ ಡಿಸೆಂಬರ್ ಕೊನೆಯೊಳಗೆ, ಸಿದ್ಧವಾಗಿರಬೇಕು. ಅಧ್ಯಕ್ಷರು ಸಹಿ ಹಾಕಿ ಕೊಡಬೇಕು.

ಈಗ ನಿಜವಾಗಿ ನಡೆಯುವುದನ್ನು ನೋಡಿ. ಮಧ್ಯಾಹ್ನ ಹನ್ನೆರಡಕ್ಕೆ ಸಭೆ. ಮೇಜಿನ ಮೇಲೆ ಒಂದು ಠರಾವು ಪುಸ್ತಕ, ಪಕ್ಕದಲ್ಲಿ ಜೆರಾಕ್ಸ್ ಮಾಡಿದ ನಾಲ್ಕು ಹಾಳೆ. ಮಕ್ಕಳ ಸಂಖ್ಯೆಯ ಕಲಂ ಮಾತ್ರ ಪೆನ್ನಿನಲ್ಲಿ ತುಂಬಿದೆ, ಉಳಿದದ್ದೆಲ್ಲ ಮೊದಲೇ ಅಚ್ಚಾಗಿದೆ. ಕೆಲವು ಸಲ ಎರಡನೇ ಹಾಳೆಯಲ್ಲಿ ಬೇರೆ ಶಾಲೆಯ ಹೆಸರೇ ಉಳಿದಿರುತ್ತದೆ, ಸುತ್ತಲಿನ ಶಾಲೆಗಳ ಕ್ಲಸ್ಟರಿನಲ್ಲಿ ಯಾರೋ ಒಬ್ಬರು ಮಾಡಿದ್ದನ್ನು ಎಲ್ಲರೂ ನಕಲು ಹೊಡೆದಿರುತ್ತಾರೆ. ‘ಇವತ್ತೇ ಕಳಿಸಬೇಕಂತೆ, ಸಹಿ ಹಾಕಿ’ ಎನ್ನುತ್ತಾರೆ. ಚಾ ಕುಡಿದು ಸಹಿ ಹಾಕಿ ಎದ್ದರೆ ಮೂರು ವರ್ಷದ ಯೋಜನೆ ಮುಗಿಯಿತು. ಮುಖ್ಯ ಶಿಕ್ಷಕರನ್ನೂ ಬೈದು ಫಲವಿಲ್ಲ. ಒಬ್ಬರೇ ಶಿಕ್ಷಕಿ ಐದು ತರಗತಿ ನಡೆಸಿ, ಬಿಸಿಯೂಟದ ಲೆಕ್ಕ ಬರೆದು, ಹಾಲಿನ ಪುಡಿಯ ಸ್ಟಾಕು ನೋಡಿ, ಸಂಜೆ ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿ ಇಲಾಖೆಯ ಎಸ್‌ಎಟಿಎಸ್‌ ಜಾಲತಾಣಕ್ಕೆ ಹಾಜರಾತಿ ತುಂಬುವ ಜಿಲ್ಲೆ ಇದು.

ಆ ಹಾಳೆಗಿಂತ ಅನಾಹುತ ಮಾಡುವುದು ಇನ್ನೊಂದು ಕಾಗದ, ಪ್ರತಿ ಶಾಲೆಯ ಅಂಕಿಅಂಶ ತುಂಬುವ ಸರ್ಕಾರಿ ನಮೂನೆ. ಯುಡೈಸ್. ಸೆಪ್ಟೆಂಬರ್ 30ರ ಸ್ಥಿತಿ ಎಂದು ತುಂಬಿಕೊಂಡು ಬಂದದ್ದು. ಅದರಲ್ಲಿ ಪ್ರತಿ ಕೊಠಡಿಗೂ ಮೂರು ಆಯ್ಕೆ: ಸುಸ್ಥಿತಿ, ಸಣ್ಣ ದುರಸ್ತಿ, ದೊಡ್ಡ ದುರಸ್ತಿ. ಹಿಂದಿನ ವರ್ಷ ‘ಸುಸ್ಥಿತಿ’ ಅಂತ ಇದ್ದರೆ ಈ ವರ್ಷವೂ ಅದನ್ನೇ ಮುಂದುವರಿಸಿಬಿಡುತ್ತಾರೆ. ‘ದೊಡ್ಡ ದುರಸ್ತಿ’ ಎಂದು ಬರೆದರೆ ಮೇಲಿನಿಂದ ನೂರೆಂಟು ಪ್ರಶ್ನೆ ಬರುತ್ತದೆಂಬ ಹೆದರಿಕೆ. ತಾಲ್ಲೂಕು, ಜಿಲ್ಲೆ, ರಾಜ್ಯದ ವಾರ್ಷಿಕ ಯೋಜನೆ ಕಟ್ಟುವವರು ನೋಡುವುದು ಈ ಅಂಕಿಗಳನ್ನು, ನಮ್ಮ ಠರಾವು ಪುಸ್ತಕವನ್ನಲ್ಲ. ಹಂಚು ಹೊರುವ ಮರದ ಪಕಾಸು ಒರಲೆ ತಿಂದು ಜೋತುಬಿದ್ದಿದ್ದರೂ ಯುಡೈಸಿನಲ್ಲಿ ಕೊಠಡಿ ಗಟ್ಟಿಯಾಗಿದ್ದರೆ ಬೆಂಗಳೂರಿಗೂ ದಿಲ್ಲಿಗೂ ಅದು ಗಟ್ಟಿಯೇ. ಶೌಚಾಲಯದ್ದೂ ಇದೇ ಕಥೆ. ಎರಡು ಇವೆ, ನಿಜ. ಬಳಕೆಯಲ್ಲಿವೆಯೇ, ನೀರಿದೆಯೇ ಎಂದು ಕೇಳುವ ಕಲಂ ಇದ್ದರೂ ನೀರಿಲ್ಲದೆ ಬಾಗಿಲಿಗೆ ಬೀಗ ಬಿದ್ದಿರುವುದು ಅಲ್ಲಿಗೆ ಏರುವುದಿಲ್ಲ.

ಪ್ರತಿ ಶಾಲೆಗೂ 11 ಅಂಕಿಯ ಯುಡೈಸ್ ಕೋಡ್ ಇರುತ್ತದೆ. ಶಾಲೆಯ ವರದಿ ಪತ್ರವನ್ನು ಆ ಕೋಡ್ ಹಾಕಿ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು. ಸಮಿತಿಯ ಎಷ್ಟು ಸದಸ್ಯರು ನೋಡಿದ್ದಾರೆ? ತುಂಬಿದ ನಮೂನೆಯ ಪ್ರತಿಯನ್ನು ಆಗಸ್ಟ್–ಸೆಪ್ಟೆಂಬರಿನಲ್ಲೇ ಕೇಳಿ, ಕೊಠಡಿ ಕೊಠಡಿಗೆ ಹೋಗಿ ತಾಳೆ ನೋಡಬೇಕು. ಕೊಡಲಿಲ್ಲವೇ, 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಬೇಕು, 30 ದಿನ ಗಡುವು. ತಿದ್ದುಪಡಿಗೆ ಅವಕಾಶ ಇರುವುದು ಮಾಹಿತಿ ಅಂತಿಮವಾಗುವ ಮೊದಲು ಮಾತ್ರ. ಆಮೇಲೆ ಊರಿಗೆ ಊರೇ ಹೋಗಿ ಕೂಗಿದರೂ ‘ಮುಂದಿನ ವರ್ಷ ನೋಡೋಣ’.

ಈಗ ದುಡ್ಡಿನ ಮಾತು. ಕೇಂದ್ರ, ರಾಜ್ಯ ಸೇರಿ ನಡೆಸುವ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಶಾಲೆಯ ವರ್ಷದ ಖರ್ಚಿಗೆ ಬರುವ ಸಂಯುಕ್ತ ಶಾಲಾ ಅನುದಾನಕ್ಕೆ ಮಕ್ಕಳ ತಲೆ ಎಣಿಸಿ ಮೆಟ್ಟಿಲು ಕಟ್ಟಿದ್ದಾರೆ. 30ರವರೆಗೆ ವರ್ಷಕ್ಕೆ 10,000 ರೂಪಾಯಿ, 31ರಿಂದ 100ರವರೆಗೆ 25,000, 101ರಿಂದ 250ಕ್ಕೆ 50,000. ಅದರಲ್ಲಿ ಶೇ. 10 ಸ್ವಚ್ಛತೆಗೇ ತೆಗೆದಿಡಬೇಕು. ಕರಾವಳಿಯ ಕೇರಿಗಳಲ್ಲಿ, ಶಿರಸಿ–ಸಿದ್ದಾಪುರದ ತೋಟದ ಊರುಗಳಲ್ಲಿ, ಜೋಯಿಡಾದ ಕಾಡಿನ ಹಳ್ಳಿಗಳಲ್ಲಿ ಎಷ್ಟು ಶಾಲೆ 30 ದಾಟುತ್ತವೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಮೂವತ್ತೊಂದನೇ ಮಗುವಿನ ಅಪ್ಪನಿಗೆ ಕೆಲಸ ಬೇರೆ ಕಡೆ ಸಿಕ್ಕಿ ಮಗು ಟಿ.ಸಿ. ತೆಗೆದುಕೊಂಡು ಹೋದರೆ ಶಾಲೆಗೆ 15,000 ರೂಪಾಯಿ ಖೋತಾ. ಹಂಚು ಒಡೆಯುವ ಮಂಗಗಳಿಗೆ ಮಕ್ಕಳ ಸಂಖ್ಯೆ ಗೊತ್ತಿಲ್ಲವಲ್ಲ, ಅವು 30 ಮಕ್ಕಳ ಶಾಲೆಯಲ್ಲೂ ಅಷ್ಟೇ ಒಡೆಯುತ್ತವೆ.

ಹಂಚಿನ ಲೆಕ್ಕವನ್ನೇ ತೆಗೆದುಕೊಳ್ಳಿ. 20×20 ಅಡಿಯ ಒಂದು ಕೊಠಡಿ, ಇಳಿಜಾರು ಸೂರು ಸೇರಿ ಸುಮಾರು 500 ಚದರ ಅಡಿ ಮಾಡು. ಮಂಗಳೂರು ಹಂಚು ಚದರ ಮೀಟರಿಗೆ ಹದಿನೈದರಂತೆ ಹಿಡಿದರೂ 700 ಹಂಚು. ಎಲ್ಲವೂ ಒಡೆಯುವುದಿಲ್ಲ, ಐವತ್ತು ಒಡೆದರೆ ಸಾಕು. ಆ ಐವತ್ತಕ್ಕೆ ಹೊಸ ಹಂಚು ತಂದರೆ ಕೂರುವುದಿಲ್ಲ. ಒಂದೊಂದು ಕಾರ್ಖಾನೆಯ ಅಚ್ಚು ಒಂದೊಂದು ತರ, ಒಂದರ ತೋಡಿಗೆ ಇನ್ನೊಂದು ಕಚ್ಚುವುದಿಲ್ಲ, ಬೆರಳು ಹೋಗುವಷ್ಟು ಸಂದು ಉಳಿಯುತ್ತದೆ. ಆ ಸಂದಿನಿಂದ ಇಳಿದ ನೀರು ನೆಲಕ್ಕೆ ತೊಟ್ಟಿಕ್ಕಿದರೆ ಬಚಾವು, ಬಕೆಟ್ ಇಡಬಹುದು. ಪಕಾಸಿನ ಗುಂಟ ಹರಿದು ಗೋಡೆಯ ತಲೆಗೆ ಬಂದರೆ ಯಾರಿಗೂ ಕಾಣುವುದಿಲ್ಲ. ಎರಡು ಮಳೆಗಾಲದಲ್ಲಿ ಪಕಾಸಿನ ತುದಿ ಮೆತ್ತಗಾಗಿ, ಮೂರನೆಯದರಲ್ಲಿ ಮಾಡು ಬೆನ್ನು ಬಗ್ಗಿಸುತ್ತದೆ. ಹಾಗಾಗಿ ಹಳೆಯ ಕಟ್ಟಡ ಕೆಡವುವಲ್ಲಿಂದ ಅದೇ ಅಚ್ಚಿನ ಹಂಚು ಹುಡುಕಿ ತಂದು, ಪ್ರತಿ ವರ್ಷ ಏಪ್ರಿಲ್–ಮೇನಲ್ಲಿ, ರೋಹಿಣಿ ಮಳೆಗೆ ಮೊದಲು, ಇಡೀ ಮಾಡಿಗೆ ಕೈಯಾಡಿಸಬೇಕು. ಇದು ನಮ್ಮ ಕಡೆ ಮನೆ ಇರುವ ಎಲ್ಲರಿಗೂ ಗೊತ್ತು.

ಅನುದಾನಕ್ಕೆ ಗೊತ್ತಿಲ್ಲ. ಅದರ ವರ್ಷ ಮಾರ್ಚ್ 31ಕ್ಕೆ ಸಾಯುತ್ತದೆ. ಕಂತು ಬರುವುದು ತಡವಾಗಿ, ಖರ್ಚು ಮಾಡು ಎನ್ನುವುದು ಅವಸರದಲ್ಲಿ. 2021ರ ನಂತರ ಶಾಲೆಯ ಖಾತೆ ಶೂನ್ಯ ಶಿಲ್ಕಿನದು. ಹಣ ಮೇಲಿನ ಖಾತೆಯಲ್ಲೇ ಇರುತ್ತದೆ, ನಮಗೆ ಕಾಣುವುದು ಖರ್ಚಿನ ಮಿತಿ ಮಾತ್ರ. ಮಾರ್ಚ್ ದಾಟಿದರೆ ಅದೂ ಇಲ್ಲ. ಏಪ್ರಿಲಿನ ಕೆಲಸಕ್ಕೆಂದು ಉಳಿಸಿಡುವ ಹಾಗಿಲ್ಲ. ಸರ್ಕಾರಿ ಹಣ ಪಾವತಿಯ ಜಾಲತಾಣವಾದ ಪಿಎಫ್‌ಎಂಎಸ್‌ನಲ್ಲಿ ಹಣ ಕೊಡಬೇಕಾದವರ ಬ್ಯಾಂಕ್ ಖಾತೆ ನೋಂದಾಯಿಸಬೇಕು, ಬಿಲ್ಲು ಬೇಕು. ಮಾಡು ಹತ್ತುವ ಕೆಲಸಗಾರ ದಿನಗೂಲಿಯವ, ಅವನ ಹತ್ತಿರ ಬಿಲ್ ಪುಸ್ತಕ ಎಲ್ಲಿಂದ ಬರಬೇಕು? ಬಿಲ್ಲು ಕೊಡುವವನು ಬಣ್ಣದ ಅಂಗಡಿಯವನು, ಫ್ಲೆಕ್ಸ್ ಅಂಗಡಿಯವನು. ಆದ್ದರಿಂದ ಮಾರ್ಚ್ ಕೊನೆಗೆ ಸೋರುವ ಮಾಡಿನ ಕೆಳಗಿನ ಗೋಡೆಗೆ ಹೊಸ ಬಣ್ಣ, ಅದರ ಮೇಲೆ ಆನೆ, ಜಿಂಕೆ, ಇಂಗ್ಲಿಷ್ ತಿಂಗಳುಗಳು. ಜುಲೈಗೆ ಜಿಂಕೆಯ ಮುಖದ ಮೇಲೆ ಪಾಚಿ.

ಮತ್ತೊಂದು ಕಿರಿಕಿರಿ ಜಂಟಿ ಖಾತೆಯದು. ಮುಖ್ಯ ಶಿಕ್ಷಕರು, ಅಧ್ಯಕ್ಷರು ಇಬ್ಬರ ಸಹಿ. ಐದನೇ ತರಗತಿಯವರೆಗಿನ ಶಾಲೆಯಲ್ಲಿ ಐದನೇ ತರಗತಿಯ ಮಗುವಿನ ಪಾಲಕರನ್ನು ಹಿರಿಯರೆಂದು ಅಧ್ಯಕ್ಷರನ್ನಾಗಿ ಮಾಡುತ್ತಾರೆ. ಮಗು ಬೇಸಿಗೆಯಲ್ಲಿ ಪಾಸಾಗಿ ಹೋಗುತ್ತದೆ, ಪಾಲಕರ ಸದಸ್ಯತ್ವವೂ ಅಲ್ಲಿಗೆ ಮುಗಿಯಿತು. ಹೊಸ ಅಧ್ಯಕ್ಷರ ಆಯ್ಕೆ, ಠರಾವು, ಬ್ಯಾಂಕಿಗೆ ಕೆವೈಸಿ, ಮಾದರಿ ಸಹಿ ಅಂತ ತಿಂಗಳುಗಟ್ಟಲೆ ಖಾತೆ ಮುಟ್ಟುವ ಹಾಗಿಲ್ಲ. ಒಂದನೇ ಎರಡನೇ ತರಗತಿಯ ಮಗುವಿನ ಪಾಲಕರನ್ನು ಆರಿಸಿದ್ದರೆ ಈ ರಗಳೆಯೇ ಇಲ್ಲ. ಇದನ್ನು ಸಭೆಯಲ್ಲಿ ಯಾರಾದರೂ ಮೊದಲೇ ಹೇಳಿಕೊಡಬಾರದೇ?

ಇಷ್ಟರ ನಡುವೆ 2022ರ ಅಕ್ಟೋಬರಿನಲ್ಲಿ ಪಾಲಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದು ಎಂಬ ಸುತ್ತೋಲೆ ಹೊರಟಿತ್ತು. ಗಲಾಟೆ ಎದ್ದು ಕೆಲವೇ ದಿನದಲ್ಲಿ ಹಿಂದಕ್ಕೆ ಹೋಯಿತು. ಗಲಾಟೆಯಲ್ಲಿ ಒಂದು ಲೆಕ್ಕ ಮರೆತುಹೋಯಿತು. ಹನ್ನೆರಡು ಮಕ್ಕಳ ಶಾಲೆಯಲ್ಲಿ ಅದು ವರ್ಷಕ್ಕೆ 14,400 ರೂಪಾಯಿ. ಆ ಶಾಲೆಗೆ ಮೇಲೆ ಹೇಳಿದ ಅನುದಾನ 10,000. ಕೂಲಿ ಮಾಡುವ ಪಾಲಕರಿಂದ ಎತ್ತಬಹುದೆಂದಿದ್ದದ್ದು ಆ ಅನುದಾನಕ್ಕಿಂತ ಹೆಚ್ಚು. ಇಷ್ಟಾಗಿ ಯೋಜನೆಯಲ್ಲಿ ಮಾತ್ರ ಅವರಿಗೆ ಬಾಯಿಲ್ಲ.

ಶಾಲೆಗಳ ವಿಲೀನದ ವಿಷಯಕ್ಕೆ ಬಂದರೆ ಮೈಯೆಲ್ಲ ಉರಿಯುತ್ತದೆ. ಒಂದರಿಂದ ಐದನೇ ತರಗತಿಯವರೆಗೆ ಒಂದು ಕಿಲೋಮೀಟರ್, ಆರರಿಂದ ಎಂಟರವರೆಗೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕೆಂಬ ಅಳತೆ ಎಲ್ಲರಿಗೂ ಬಾಯಿಪಾಠ. ಅದೇ 2010ರ ನಿಯಮದಲ್ಲಿ ಅದರ ಕೆಳಗಿರುವ ಮಾತನ್ನು ಯಾರೂ ಓದುವುದಿಲ್ಲ: ದುರ್ಗಮ ಪ್ರದೇಶ, ಭೂಕುಸಿತ, ಪ್ರವಾಹದ ಅಪಾಯ, ರಸ್ತೆ ಇಲ್ಲದಿರುವುದು, ದಾರಿಯಲ್ಲಿ ಎಳೆಯ ಮಕ್ಕಳಿಗೆ ಅಪಾಯ ಇದ್ದಲ್ಲಿ ಈ ದೂರವನ್ನು ಇನ್ನೂ ಕಡಿಮೆ ಮಾಡಬೇಕು. ಯಲ್ಲಾಪುರದ ಕಳಚೆಯಲ್ಲಿ 2021ರ ಜುಲೈನಲ್ಲಿ ಗುಡ್ಡ ಜಾರಿತು. ಅಂಕೋಲೆಯ ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿಯ ಮೇಲೆ ಗುಡ್ಡ ಬಿತ್ತು. ಅದರ ಮುಂದಿನ ತಿಂಗಳೇ ಕಾರವಾರದಲ್ಲಿ ಕಾಳಿ ನದಿಯ ಹಳೆ ಸೇತುವೆ ನೀರಿಗೆ ಕುಸಿಯಿತು. ಈ ಜಿಲ್ಲೆಗೆ ಆ ಸಾಲು ಅನ್ವಯಿಸದಿದ್ದರೆ ಇನ್ಯಾವ ಜಿಲ್ಲೆಗೆ? ನಕ್ಷೆಯ ಮೇಲೆ ಗೆರೆ ಎಳೆದರೆ ಎರಡು ಶಾಲೆಗಳ ನಡುವೆ ಎಂಟುನೂರು ಮೀಟರ್. ಗೆರೆಯ ಮಧ್ಯೆ ಹಳ್ಳ, ಹಳ್ಳದ ಮೇಲೆ ಅಡಿಕೆ ಮರ ಜೋಡಿಸಿದ ಕಾಲುಸಂಕ. ಆರಿದ್ರೆ ಮಳೆಗೆ ಸಂಕ ಮುಳುಗಿದರೆ ಸುತ್ತಿಕೊಂಡು ನಾಲ್ಕೈದು ಕಿಲೋಮೀಟರ್. ಗೆರೆ ಎಳೆಯುವವರು ಬರುವುದು ಫೆಬ್ರುವರಿಯಲ್ಲಿ. ಆಗ ಹಳ್ಳದಲ್ಲಿ ಚಪ್ಪಲಿ ನೆನೆಯುವುದಿಲ್ಲ.

ದೂರದ ಮಕ್ಕಳಿಗೆ ಸಾರಿಗೆ ಅಥವಾ ಬೆಂಗಾವಲು ಭತ್ಯೆ ಇದೆ, ಸಮಗ್ರ ಶಿಕ್ಷಾದಲ್ಲಿ ಮಗುವಿಗೆ ವರ್ಷಕ್ಕೆ 6,000 ರೂಪಾಯಿವರೆಗೆ. ಆದರೆ ಮಗುವಿನ ಹೆಸರು ಆ ವರ್ಷದ ಯೋಜನೆಯಲ್ಲಿ ಸೇರಿ ಮಂಜೂರಾಗಿರಬೇಕು. ಜೂನಿನಲ್ಲಿ ಶಾಲೆ ನಿಲ್ಲಿಸಿ ‘ಭತ್ಯೆ ಕೊಡುತ್ತೇವೆ’ ಎಂದರೆ ಆ ಮಳೆಗಾಲಕ್ಕೆ ಅದು ಬಾಯಿಮಾತು. ಶಿಕ್ಷಕರ ಲೆಕ್ಕವೂ ಹಾಗೇ. ಕಾಯ್ದೆಯ ಅನುಸೂಚಿ ಪ್ರಕಾರ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು. ಹತ್ತು ಮಕ್ಕಳಿದ್ದರೂ ಇಬ್ಬರು. ಒಬ್ಬರನ್ನು ವರ್ಗ ಮಾಡಿ, ಇನ್ನೊಬ್ಬರನ್ನು ತರಬೇತಿ, ಸಭೆ, ಮತದಾರರ ಪಟ್ಟಿಯ (ಬಿಎಲ್‌ಒ) ಕೆಲಸ ಅಂತ ಓಡಾಡಿಸಿ, ಪಾಲಕರು ಬೇಸತ್ತು ಮಗುವನ್ನು ಖಾಸಗಿ ಶಾಲೆಯ ಹಳದಿ ಬಸ್ಸಿಗೆ ಹತ್ತಿಸಿದ ಮೇಲೆ, ‘ದಾಖಲಾತಿ ಕಡಿಮೆ, ವಿಲೀನ ಅನಿವಾರ್ಯ’!

ದೂರು ಹೇಳಲಾದರೂ ಒಂದು ಜಾಗ ಇದೆಯೇ ಅಂದರೆ ಅದೂ ಎರಡು. ಒಂದೇ ಜಿಲ್ಲೆಗೆ ಎರಡು ಶೈಕ್ಷಣಿಕ ಜಿಲ್ಲೆ, ಕರಾವಳಿಯ ತಾಲ್ಲೂಕುಗಳು ಕಾರವಾರಕ್ಕೆ, ಘಟ್ಟದ ಮೇಲಿನವು ಶಿರಸಿಗೆ. ಜಿಲ್ಲಾ ಪಂಚಾಯಿತಿ ಇರುವುದು ಕಾರವಾರದಲ್ಲಿ. ಹಾಗಾಗಿ ಮುಂಡಗೋಡಿನವರಿಗೆ ಶಿಕ್ಷಕರ ಮಾತು ಶಿರಸಿಯಲ್ಲಿ, ಕಟ್ಟಡದ ಹಣದ ಮಾತು ಕಾರವಾರದಲ್ಲಿ.

ಜಾಗದ ಕಾಗದ ಇನ್ನೊಂದು ಗೋಳು. ಹಿರಿಯರು ಬಾಯಿಮಾತಿನಲ್ಲಿ ಕೊಟ್ಟ ಜಾಗ, ಪಹಣಿಯಲ್ಲಿ ಅಜ್ಜನ ಹೆಸರು, ಇಲ್ಲವೇ ಅರಣ್ಯ. ಅರಣ್ಯ ಅಂದ ಕೂಡಲೇ ಕಡತ ಮುಚ್ಚುತ್ತಾರೆ. ಅರಣ್ಯ ಹಕ್ಕು ಕಾಯ್ದೆ 2006ರ 3(2) ಕಲಮಿನಲ್ಲಿ ಶಾಲೆಗೆ ಒಂದು ಹೆಕ್ಟೇರಿಗಿಂತ ಕಡಿಮೆ ಜಾಗ, ಹೆಕ್ಟೇರಿಗೆ 75 ಮರ ಮೀರದಂತೆ, ಗ್ರಾಮಸಭೆಯ ಶಿಫಾರಸಿನ ಮೇಲೆ ಸಿಗಬಹುದು ಎಂದಿದೆ. ಶಿಫಾರಸು ಕಳಿಸಬೇಕಾದ ಗ್ರಾಮಸಭೆಯಲ್ಲಿ ಶಾಲೆಯ ವಿಷಯ ಬರುವುದು ಕೊನೆಗೆ, ಜನ ಎದ್ದು ಹೊರಟ ಮೇಲೆ.

ನಮ್ಮವರೂ ಸಾಚಾ ಅಲ್ಲ. ದೇಣಿಗೆ ಕೊಡುವವರಿಗೆ ಹೆಸರು ಕೆತ್ತಿಸುವ ಕಲ್ಲು ಬೇಕು. ರಂಗಮಂದಿರಕ್ಕೆ ಲಕ್ಷ ಹುಟ್ಟುತ್ತದೆ, ಶೌಚಾಲಯದ ನೀರಿನ ಟ್ಯಾಂಕಿಗೆ ಐದು ಸಾವಿರ ಹುಟ್ಟುವುದಿಲ್ಲ. ಟ್ಯಾಂಕಿನ ಮೇಲೆ ‘ದಿವಂಗತರ ಸ್ಮರಣಾರ್ಥ’ ಅಂತ ಬರೆಸಲು ಯಾರಿಗೂ ಮನಸ್ಸಿಲ್ಲ. ಸಮಿತಿಯಲ್ಲಿ ಅರ್ಧ ಹೆಂಗಸರು, ಸಹಿಯಲ್ಲಿ ಮಾತ್ರ. ಮಾತಾಡುವವರು ಅವರ ಗಂಡಂದಿರು.

ಹೋಗಲಿ, ಸಭೆಯ ಹೊತ್ತನ್ನಾದರೂ ಬದಲಿಸಿ. ಯೋಜನೆ ಮಾಡಬೇಕಾದ ಡಿಸೆಂಬರ್ ಅಂದರೆ ಘಟ್ಟದ ಮೇಲೆ ಅಡಿಕೆಯ ಕೊನೆಕೊಯ್ಲು, ಹಗಲು ತೋಟದಲ್ಲಿ, ಸಂಜೆ ಮೇಲೆ ಅಡಿಕೆ ಸುಲಿಯುವ ಕೆಲಸ. ಕರಾವಳಿಯಲ್ಲಿ ಬೋಟಿಗೆ ಹೋಗುವವರು ಊರಲ್ಲಿ ಸಿಗುವುದು ಜೂನ್ 1ರಿಂದ ಜುಲೈ 31ರ ಮೀನುಗಾರಿಕೆ ನಿಷೇಧದ ದಿನಗಳಲ್ಲಿ, ಮೀನು ಮಾರುವ ಹೆಂಗಸರು ಮಧ್ಯಾಹ್ನದ ಮೇಲೆ. ಆ ಎರಡು ತಿಂಗಳಲ್ಲಿ ಮಾಡು ಎಲ್ಲಿ ಸೋರುತ್ತದೆಂದು ಕೂತಲ್ಲೇ ತಲೆ ಎತ್ತಿ ನೋಡಿ ಬರೆದುಕೊಳ್ಳಬಹುದು. ಆದರೆ ನೋಟಿಸು ಬರುವುದು ಡಿಸೆಂಬರಿನಲ್ಲೇ, ಬುಧವಾರ, ಮಧ್ಯಾಹ್ನ ಹನ್ನೆರಡಕ್ಕೆ. ಕೆಳಗೆ ಒಂದು ಸಾಲು: ‘ಗೈರುಹಾಜರಾದವರು ಆಮೇಲೆ ಬಂದು ಸಹಿ ಮಾಡತಕ್ಕದ್ದು.’